ಮನೆ ಕಟ್ಟುವವನ ಹೊಣೆ

(ಧರ್ಮೋಪದೇಶಕಾಂಡ 22ನೆಯ ಅಧ್ಯಾಯದ 8ನೆಯ ವಚನವನ್ನು ಮೊದಲು ಓದಿಕೊಳ್ಳಿರಿ.)



ಮೋಶೆಯ ಮುಖಾಂತರ ಇಸ್ರಾಯೇಲ್ಯರಿಗೆ ಕೊಡಲ್ಪಟ್ಟ ವಿಧಿಗಳಲ್ಲಿ ಕೆಲವು ಬಹು ದೊಡ್ಡವು. ದೇವರೊಬ್ಬನನ್ನೇ ಸೇವಿಸಬೇಕೆಂಬದು, ನರಹತ್ಯ ಮಾಡಬಾರದೆಂಬದು, ತಂದೆತಾಯಿಗಳನ್ನು ಸನ್ಮಾನಿಸಬೇಕೆಂಬದು ಇವೇ ಮೊದಲಾದವು ಎಲ್ಲರ ಬಾಯಲ್ಲಿಯೂ ಇವೆ. ಆದರೆ ಈ ದೊಡ್ಡ ಮಾತುಗಳ ಸಾಲಿನಲ್ಲಿ ಗಾರೆಕೆಲಸದವನಿಗೆ ಹೇಳುವಂಥ ಒಂದು ಚಿಕ್ಕ ಮಾತು ಉಂಟು. ಹೊಸ ಮನೆಯನ್ನು ಕಟ್ಟುವವನು ಅದರ ಮಾಳಿಗೆಯ ಸುತ್ತಲೂ ಮೋಟುಗೋಡೆಯನ್ನು ಹಾಕಿಸತಕ್ಕದ್ದು. ಹಾಕಿಸದೆ ಹೋಗಿ ಯಾರಾದರೂ ಮೇಲಿನಿಂದ ಬಿದ್ದು ಸತ್ತರೆ ಆ ರಕ್ತದ ಅಪರಾಧವು ಆ ಮನೆಯ ಮೇಲೆ ಬರುವದು ಎಂಬದೇ ಅದರ ತಾತ್ಪರ್ಯ.

ಕಾನಾನ್ ದೇಶದಲ್ಲಿ ಮನೆಗಳ ಮೇಲ್ಗಡೆಯು ಸಮತಟ್ಟಾಗಿತ್ತು. ಜನರು ಅಲ್ಲಿ ಧಾನ್ಯವನ್ನೂ ನಾರನ್ನೂ ಒಣಗಿಸುತ್ತಿದ್ದರು. ಯೆರಿಕೋವಿನ ರಾಹಾಬಳು ಗೂಢಚಾರರನ್ನು ಬಚ್ಚಿಟ್ಟದ್ದು ಮಾಳಿಗೆಯ ಮೇಲೆ ಒಣಹಾಕಿದ್ದ ಅಗಸೆಯ ದಂಟಿನೊಳಗೆ. ಯೊಪ್ಪದಲ್ಲಿ ಪೇತ್ರನು ಪ್ರಾರ್ಥನೆಗೆ ಏರಿಹೋದದ್ದೂ ಮಾಳಿಗೆಗೇ. ಆದಕಾರಣ ಅಲ್ಲಿಗೆ ಮನೆಯ ಮಕ್ಕಳೂ, ಬಂದ ನೆಂಟರೂ, ಕೂಲಿಯಾಳುಗಳೂ ಹೋಗುತ್ತಿದ್ದರು. ಮನೆಯ ಯಜಮಾನನು, ನಾನು ನನ್ನ ಹಣದಿಂದ ನನ್ನ ಮನೆಯನ್ನು ಕಟ್ಟಿಕೊಂಡೆನು, ಬಿದ್ದವನು ನೋಡಿ ನಡೆಯಬೇಕಾಗಿತ್ತು ಎಂದು ಹೇಳುವ ಹಾಗಿರಲಿಲ್ಲ. ಗೋಡೆ ಕಟ್ಟುವ ದಿವಸದಲ್ಲಿಯೇ, ಮುಂದೆ ಅಲ್ಲಿ ನಡೆದಾಡುವವನ ಪ್ರಾಣವನ್ನು ಅವನು ನೆನಸಬೇಕಾಗಿತ್ತು.

ಈ ವಿಧಿಯು ನಮ್ಮ ಸೀಮೆಗೆ ಇಂದು ಸರಿಯಾಗಿ ಅನ್ವಯಿಸುತ್ತದೆ. ಹಿಂದೆ ಗುಬ್ಬಿ ಕುಣಿಗಲು ಕಡೆಯ ನಮ್ಮ ಹಳ್ಳಿಗಳಲ್ಲಿ ಸೋಗೆಯ ಮನೆಗಳೂ ಹೆಂಚಿನ ಮನೆಗಳೂ ಹೆಚ್ಚಾಗಿದ್ದವು. ಅವುಗಳ ಮೇಲೆ ಬೆಕ್ಕು ಕೋತಿಗಳ ಹೊರತು ಯಾರೂ ಓಡಾಡುತ್ತಿರಲಿಲ್ಲ. ಈಗಲೋ ಮೋಲ್ಡ್ ಹಾಕಿದ ಮನೆಗಳು ಎಲ್ಲೆಲ್ಲಿಯೂ ಎದ್ದಿವೆ. ತಾರಸಿಯ ಮೇಲೆ ರಾಗಿ, ಹುಣಿಸೇಹಣ್ಣು, ಮೆಣಸಿನಕಾಯಿ, ಕೊಬ್ಬರಿ ಒಣಗುತ್ತವೆ. ಬೇಸಗೆಯ ರಾತ್ರಿಯಲ್ಲಿ ಜನರು ಅಲ್ಲಿ ಮಲಗುತ್ತಾರೆ. ಆಷಾಢದ ಗಾಳಿಯಲ್ಲಿ ಹುಡುಗರು ಗಾಳಿಪಟದ ದಾರವನ್ನು ಹಿಡಿದು ಹಿಂದುಹಿಂದಕ್ಕೆ ನಡೆಯುತ್ತಾರೆ. ಸರಕಾರದ ಅನುದಾನವಾದರೋ ಪಾಯಕ್ಕಿಷ್ಟು, ಗೋಡೆಗಿಷ್ಟು, ಛಾವಣಿಗಿಷ್ಟು ಎಂದು ಕಂತು ಕಂತಾಗಿ ಬರುವದು. ಛಾವಣಿಯಾಗುವ ಹೊತ್ತಿಗೆ ಅದೂ ಮುಗಿಯುವದು, ಸಾಲವೂ ಬೆಳೆದಿರುವದು. ಆಗ ಗಾರೆಯವರು ಪ್ಯಾರಾಪೆಟ್ ಎಂದು ಕರೆಯುವ ಆ ಮೋಟುಗೋಡೆಯನ್ನೂ ಮೆಟ್ಟಲಿನ ಕೈಹಿಡಿಯನ್ನೂ ಮುಂದಿನ ವರುಷಕ್ಕೆ ಬಿಟ್ಟು, ಇದ್ದ ಹಣದಲ್ಲಿ ಮುಂಬಾಗಿಲಿಗೆ ಬಣ್ಣ ಬಳಿಸಿ ಪ್ರತಿಷ್ಠೆಯ ಪ್ರಾರ್ಥನೆಗೆ ಊಟ ಹಾಕಿಸುವದು ವಾಡಿಕೆಯಾಗಿದೆ. ಮುಂದಿನ ವರುಷವು ಬರುವದು, ಹೋಗುವದು, ಗೋಡೆ ಏಳುವದಿಲ್ಲ. ಮನೆ ಪ್ರತಿಷ್ಠೆಗೆ ಬಂದ ಬೋಧಕರು ಆಶೀರ್ವಾದ ಹೇಳುವದಕ್ಕೆ ಮುಂಚೆ ಒಮ್ಮೆ ತಾರಸಿಯನ್ನು ಹತ್ತಿ ನೋಡಿದರೆ ತಪ್ಪಾಗಲಾರದು.

ಹೀಗೆ ಒಂದು ಮೋಟುಗೋಡೆಯಿಂದ ದೇವರ ವಾಕ್ಯವು ನಮಗೆ ಕಲಿಸುವ ಪಾಠವೇನಂದರೆ, ಮನೆಯೆಂಬದು ಅದರ ಒಡೆಯನೊಬ್ಬನ ಕಾರ್ಯವಲ್ಲ. ಅದರ ಕಲ್ಲು, ಕಿಟಕಿ, ಒಲೆ, ಬಚ್ಚಲು, ಬಾಗಿಲು ಇವೆಲ್ಲವೂ ಬೇರೊಬ್ಬನಿಗೆ ಮೇಲನ್ನಾಗಲಿ ಕೇಡನ್ನಾಗಲಿ ಮಾಡುತ್ತಲೇ ಇರುತ್ತವೆ. ಈ ಬೇರೊಬ್ಬನು ಯಾರು? ಮನೆಯ ಒಳಗೆ ವಾಸಿಸುವವರು, ಮನೆಯ ಪಕ್ಕದಲ್ಲಿ ವಾಸಿಸುವವರು, ಮನೆಯ ಬಾಗಿಲಿಗೆ ಬರುವವರು, ಮನೆಯನ್ನು ಕಟ್ಟಿದ ಕೂಲಿಯವರೂ ಬಾಡಿಗೆಗೆ ಇರುವವರೂ. ಈ ನಾಲ್ಕು ಬಗೆಯ ಜನರನ್ನು ಕುರಿತು ಕ್ರಮವಾಗಿ ಯೋಚಿಸೋಣ.

1. ಒಳಗೆ ವಾಸಿಸುವವರು

ಯಾಜಕಕಾಂಡದ 14ನೆಯ ಅಧ್ಯಾಯದಲ್ಲಿ ಮನೆಗೆ ತಗಲುವ ಕುಷ್ಠದ ವಿಷಯ ಬರೆದಿದೆ. ಗೋಡೆಯಲ್ಲಿ ಹಸುರಾದ ಅಥವಾ ಕೆಂಪಾದ ಕಲೆಗಳು ಕಂಡರೆ ಯಾಜಕನು ಬಂದು ನೋಡಬೇಕು, ಮನೆಯನ್ನು ಬರಿದುಮಾಡಿಸಿ ಏಳು ದಿವಸ ಮುಚ್ಚಿಸಬೇಕು, ಕೆಟ್ಟ ಕಲ್ಲುಗಳನ್ನು ತೆಗೆಸಿ ಗಾರೆಯನ್ನು ಕೆರೆಸಬೇಕು, ಅದಕ್ಕೂ ನಿಲ್ಲದಿದ್ದರೆ ಮನೆಯನ್ನೇ ಕೆಡವಬೇಕು. ಗೋಡೆಯ ರೋಗವು ಒಳಗಿರುವ ಮನುಷ್ಯನಿಗೂ ಸಂಬಂಧಪಟ್ಟದ್ದೆಂದು ಎಣಿಸಿದ್ದರಿಂದಲೇ ಅಲ್ಲವೇ ಇಷ್ಟು ಎಚ್ಚರಿಕೆ?

ನಮ್ಮ ಮೈಸೂರು ಸೀಮೆಯು ಈ ಪಾಠವನ್ನು ಬಹು ಕಷ್ಟದಿಂದ ಕಲಿತುಕೊಂಡಿತು. 1898ರಲ್ಲಿ ಪ್ಲೇಗು ಬೆಂಗಳೂರಿಗೆ ಬಂದಿತು. ಪೇಟೆಯ ಇಕ್ಕಟ್ಟಾದ ಓಣಿಗಳಲ್ಲಿ, ಗಾಳಿಬೆಳಕಿಲ್ಲದ ಕೋಣೆಗಳಲ್ಲಿ, ಧಾನ್ಯದ ಮೂಟೆಗಳ ನಡುವೆ ಇಲಿಗಳೂ ಮನುಷ್ಯರೂ ಕೂಡಿ ವಾಸಿಸುತ್ತಿದ್ದ ಮನೆಗಳಲ್ಲಿ ಅದು ಮನೆಮಂದಿಯನ್ನೆಲ್ಲಾ ಒಯ್ದಿತು. ಅದೇ 1898ರಲ್ಲಿ ಕರಾಚಿಯಲ್ಲಿ ಸಿಮೋಂಡ್ ಎಂಬ ಫ್ರೆಂಚ್ ವೈದ್ಯನು, ಇಲಿಯ ಮೈಮೇಲಿನ ಚಿಗಟವೇ ಈ ರೋಗವನ್ನು ಮನುಷ್ಯನಿಗೆ ಮುಟ್ಟಿಸುವದೆಂದು ಕಂಡುಹಿಡಿದನು. ಹಳ್ಳಿಗಳವರು ಊರನ್ನು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಬೆಂಗಳೂರಿನಲ್ಲಿ ಬಸವನಗುಡಿ, ಮಲ್ಲೇಶ್ವರ ಎಂಬ ಹೊಸ ಬಡಾವಣೆಗಳು ಅಗಲವಾದ ಬೀದಿಗಳೊಡನೆ ಬೆಳೆದದ್ದಕ್ಕೆ ಈ ಭಯವೂ ಒಂದು ಕಾರಣ. ಮೈಸೂರಿನಲ್ಲಿ 1903ರಲ್ಲಿ ನಗರವನ್ನು ಸುಧಾರಿಸುವದಕ್ಕಾಗಿಯೇ ಒಂದು ಮಂಡಳಿಯು ಏರ್ಪಟ್ಟಿತು. ಬೀದಿಯ ಅಗಲವೂ ಕಿಟಕಿಯ ಅಳತೆಯೂ ಜೀವ ಮರಣಗಳ ವಿಷಯವೆಂದು ಆಗ ಎಲ್ಲರಿಗೂ ತಿಳಿಯಿತು.

ಪ್ಲೇಗು ಹೋಯಿತು, ಕತ್ತಲೆ ಕೋಣೆ ಮಾತ್ರ ಎಷ್ಟೋ ಮನೆಗಳಲ್ಲಿ ಉಳಿದಿದೆ. ಕಳ್ಳರ ಭಯಕ್ಕೆ ಕಿಟಕಿಯನ್ನು ಚಿಕ್ಕದು ಮಾಡುವರು. ಚಳಿಗಾಳಿ ಬರುವದೆಂದು ಅದಕ್ಕೂ ಗೋಣಿಯನ್ನು ತುರುಕುವರು. ಲೂಕನ ಸುವಾರ್ತೆಯ 15ನೆಯ ಅಧ್ಯಾಯದಲ್ಲಿ ನಾಣ್ಯವನ್ನು ಕಳಕೊಂಡ ಹೆಂಗಸು ದೀಪವನ್ನು ಹಚ್ಚಿ ಮನೆಯನ್ನು ಗುಡಿಸಿ ಹುಡುಕಿದಳೆಂದು ಯೇಸುಸ್ವಾಮಿಯು ಹೇಳಿದಾಗ, ಕೇಳುತ್ತಿದ್ದ ಬಡವರಿಗೆ ಅದು ತಮ್ಮ ಮನೆಯೇ ಎಂದು ತೋರಿರಬೇಕು. ನಮ್ಮಲ್ಲಿಯೂ ಹಗಲಿನಲ್ಲಿ ದೀಪ ಹಚ್ಚಬೇಕಾದ ನಡುಮನೆಗಳು ಇಲ್ಲವೇ? ಕ್ಷಯರೋಗದ ಕ್ರಿಮಿಯು ಮುಚ್ಚಿದ ಕೋಣೆಯ ಗಾಳಿಯಲ್ಲಿ ಬಹಳ ಹೊತ್ತು ತೇಲುತ್ತದೆ. ಎದುರುಬದುರಾಗಿ ಎರಡು ಕಿಟಕಿಗಳಿದ್ದರೆ ಗಾಳಿ ಅದನ್ನು ಹೊರಕ್ಕೆ ಸಾಗಿಸುತ್ತದೆ, ಬಿಸಿಲು ಅದನ್ನು ಕೊಲ್ಲುತ್ತದೆ. ಕೆಮ್ಮುವವನೊಬ್ಬನಿರುವ ಮನೆಯಲ್ಲಿ ಎರಡನೆಯ ಕಿಟಕಿಯು ಔಷಧಕ್ಕೆ ಜೊತೆಗಾರನಾದ ಸೇವಕನು. ಹೆಂಚಿನ ಮನೆಯುಳ್ಳವರು ನಾಲ್ಕು ಹೆಂಚುಗಳನ್ನು ತೆಗೆದು ಗಾಜಿನ ಹೆಂಚುಗಳನ್ನು ಹಾಕಿಸಿದರೂ ಆ ಕೋಣೆಯು ಬೇರೊಂದಾಗುವದು.

ಹೆಂಚಿನ ಮಾತು ಬಂದದ್ದರಿಂದ ಒಂದು ಸಂಗತಿಯನ್ನು ಹೇಳುತ್ತೇವೆ. ನಮ್ಮ ನಾಡಿನಲ್ಲೆಲ್ಲಾ ಮಂಗಳೂರು ಹೆಂಚೆಂದು ಹೆಸರಾದದ್ದು ಬಾಸೆಲ್ ಮಿಶನ್ನಿನವರ ಕೆಲಸ. ಪ್ಲೆಬ್ಸ್ಟ್ ಎಂಬ ಮಿಶನರಿಯು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದನು. ಹೊಸದಾಗಿ ಸಭೆಗೆ ಸೇರಿ, ಬಂಧುಗಳಿಂದ ದೂರವಾಗಿ, ಕಸುಬನ್ನು ಕಳಕೊಂಡವರಿಗೆ ಅಲ್ಲಿ ಕೂಲಿ ದೊರೆಯಿತು; ಬೆಂಕಿಗೂ ಮಳೆಗೂ ಹೆದರುತ್ತಿದ್ದ ಹುಲ್ಲಿನ ಮನೆಗಳಿಗೆ ಗಟ್ಟಿಯಾದ ಹೊದಿಕೆಯೂ ದೊರೆಯಿತು. ಆ ಹೆಂಚುಗಳ ಸಂದುಗಳಲ್ಲಿ ಹೊಗೆಯೂ ಸೆಕೆಯೂ ಹೊರಗೆ ಹೋಗುತ್ತವೆ. ಈಗ ಅದನ್ನು ಇಳಿಸಿ ಮೋಲ್ಡ್ ಹಾಕಿಸುವವರು ಒಂದನ್ನು ಮರೆಯಬಾರದು: ಹೆಂಚು ತಾನಾಗಿಯೇ ಮಾಡುತ್ತಿದ್ದ ಕೆಲಸವನ್ನು ಕಾಂಕ್ರೀಟು ಮಾಡುವದಿಲ್ಲ. ಆ ಹಳೆಯ ಸಂದುಗಳ ಬದಲಿಗೆ ಗೋಡೆಯ ಮೇಲ್ಭಾಗದಲ್ಲಿ ಬೆಳಕಿಂಡಿಗಳನ್ನು ಇಡಿಸಬೇಕು. ಇಲ್ಲವಾದರೆ ಹೊಸ ಮನೆಯು ಹಳೆಯದಕ್ಕಿಂತ ಸುಡುವದಾಗಿಯೂ ಹೊಗೆಯುಳ್ಳದ್ದಾಗಿಯೂ ಇರುವದು.

ಇನ್ನು ಅಡಿಗೆಮನೆ. ಮನೆಯಲ್ಲೆಲ್ಲಾ ಅತಿ ಕತ್ತಲೆಯಾದ ಮೂಲೆಯು ಅಲ್ಲಿ ಅತಿ ಹೆಚ್ಚು ಹೊತ್ತು ದುಡಿಯುವವಳಿಗೆ ಯಾಕೆ ಸಿಕ್ಕಿತು? ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2020ರಲ್ಲಿ ಲೋಕದಲ್ಲಿ ಸುಮಾರು 32 ಲಕ್ಷ ಜನರು ಮನೆಯೊಳಗಿನ ಒಲೆಯ ಹೊಗೆಯಿಂದ ಬಂದ ರೋಗಗಳಿಂದ ಸತ್ತರು. ಅವರಲ್ಲಿ ತಾಯಿಯ ಸೆರಗಿನ ಹತ್ತಿರ ಕುಳಿತ ಕೂಸುಗಳೂ ಇದ್ದವು. ಯಾರೂ ಅವರನ್ನು ಕೊಲ್ಲಬೇಕೆಂದು ಎಣಿಸಲಿಲ್ಲ. ಹೊಗೆಗೆ ದಾರಿಯನ್ನು ಇಡಲು ಮರೆತರು, ಅಷ್ಟೇ. ಮೋಟುಗೋಡೆ ಹಾಕಿಸದವನೂ ಯಾರನ್ನೂ ಕೆಳಕ್ಕೆ ನೂಕಲಿಲ್ಲವಷ್ಟೆ.

ಈ ವಿಷಯದಲ್ಲಿ ನಮ್ಮ ಕುಣಿಗಲು ತಾಲ್ಲೂಕಿಗೆ ಒಂದು ಗೌರವವುಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ 1974ರಲ್ಲಿ ಅಸ್ತ್ರ ಎಂಬ ವಿಭಾಗವು ಹುಟ್ಟಿತು. ವಿಜ್ಞಾನವು ಹಳ್ಳಿಯ ಬಡವನಿಗೆ ಉಪಯೋಗವಾಗಬೇಕೆಂಬದೇ ಅದರ ಗುರಿ. ಅವರು ಕುಣಿಗಲು ತಾಲ್ಲೂಕಿನ ಉಂಗ್ರ ಗ್ರಾಮದಲ್ಲಿ ತಮ್ಮ ಕೇಂದ್ರವನ್ನು ಇಟ್ಟು, ಸುತ್ತಣ ಹಳ್ಳಿಗಳಲ್ಲಿ ಸೌದೆ ಎಷ್ಟು, ನೀರು ಎಷ್ಟು, ಅವನ್ನು ತರುವದಕ್ಕೆ ಹೆಂಗಸರೂ ಮಕ್ಕಳೂ ನಡೆಯುವ ಹೊತ್ತು ಎಷ್ಟು ಎಂಬದನ್ನೆಲ್ಲಾ ಮನೆಮನೆಗೆ ಹೋಗಿ ಲೆಕ್ಕ ಹಾಕಿದರು. ಅಂಥ ಕೆಲಸದ ಫಲವಾಗಿ ಅಸ್ತ್ರ ಒಲೆಯು ಸಿದ್ಧವಾಯಿತು. ಮೂರು ಪಾತ್ರೆಗಳಿಗೆ ಒಂದೇ ಉರಿ, ಉರಿಯ ಕೆಳಗೆ ಗಾಳಿ ಬರುವದಕ್ಕೆ ಜಾಲರಿ, ಹೊಗೆಯನ್ನು ಛಾವಣಿಯ ಮೇಲಕ್ಕೆ ಒಯ್ಯುವ ಕೊಳವಿ. ಸೌದೆಯೂ ಉಳಿಯಿತು, ಕಣ್ಣೂ ಉಳಿಯಿತು. ಅದರಿಂದ ಇನ್ನೊಂದು ಪಾಠವೂ ಉಂಟು. ಕೊಳವಿಯಲ್ಲಿ ಮಸಿ ಕಟ್ಟಿಕೊಂಡಾಗ ಅದನ್ನು ಕಾಲಕಾಲಕ್ಕೆ ತೆಗೆಯದ ಮನೆಯಲ್ಲಿ ಎಂಥ ಒಲೆಯೂ ನಿಲ್ಲದು. ಮುದ್ದೆ ತಿರುವುವಾಗ ಅಲುಗಾಡುವ ಒಲೆಯನ್ನು ನಮ್ಮ ಹೆಂಗಸರು ಒಪ್ಪಲಾರರು. ಆದುದರಿಂದ ಒಲೆಯನ್ನೂ ಅಡಿಗೆಮನೆಯನ್ನೂ ಕಟ್ಟಿಸುವ ಗಂಡಸು ಮೊದಲು ಅಲ್ಲಿ ನಿಂತು ಅಡಿಗೆ ಮಾಡುವವಳನ್ನು ಕೇಳಲಿ. 2016ರಲ್ಲಿ ಉಜ್ವಲ ಯೋಜನೆ ಆರಂಭವಾದ ಮೇಲೆ ಅನಿಲದ ಸಿಲಿಂಡರು ಎಷ್ಟೋ ಬಡಮನೆಗಳಿಗೆ ಬಂದಿದೆ, ಅದಕ್ಕಾಗಿ ಸ್ತೋತ್ರ. ಆದರೆ ಸಿಲಿಂಡರು ಮುಗಿದ ದಿನಗಳಲ್ಲಿ ಸೌದೆಯೊಲೆ ಮತ್ತೆ ಉರಿಯುತ್ತದೆ, ಬಚ್ಚಲ ಹಂಡೆಯ ಒಲೆಯಂತೂ ದಿನವೂ ಉರಿಯುತ್ತದೆ. ಹೊಗೆಗೂಡು ಈಗಲೂ ಬೇಕು.

ಉಂಗ್ರದಲ್ಲಿ ನಡೆದ ಇನ್ನೊಂದು ಕೆಲಸ ಮಣ್ಣಿನ ಅಚ್ಚುಇಟ್ಟಿಗೆಯದು. ಅಸ್ತ್ರದ ಕೆ. ಎಸ್. ಜಗದೀಶ್ ಮೊದಲಾದವರು, ನಮ್ಮ ಕೆಂಪು ಮಣ್ಣಿಗೆ ಸ್ವಲ್ಪ ಸಿಮೆಂಟನ್ನೋ ಸುಣ್ಣವನ್ನೋ ಬೆರಸಿ, ಕೈಯಂತ್ರದಲ್ಲಿ ಒತ್ತಿ, ನೀರು ಹಾಕಿ ಹದಮಾಡಿದರೆ, ಸುಡದೆಯೇ ಗಟ್ಟಿಯಾದ ಇಟ್ಟಿಗೆಯಾಗುವದೆಂದು ತೋರಿಸಿದರು. ಕೇರಳದಲ್ಲಿ ಬಡವರಿಗಾಗಿ ಮನೆಗಳನ್ನು ಕಟ್ಟಿದ ಲಾರಿ ಬೇಕರ್ ಎಂಬ ಕ್ವೇಕರ್ ಸಭೆಯ ಸಹೋದರನು, ಮನೆಗೆ ಬೇಕಾದ ಸಾಮಾನು ಐದು ಮೈಲಿಯೊಳಗೆ ಸಿಕ್ಕಬೇಕೆಂದು ಗಾಂಧೀಜಿಯವರು ತನಗೆ ಹೇಳಿದ್ದನ್ನು ಕಡೆಯ ವರೆಗೂ ನೆನಸುತ್ತಿದ್ದನು. ಮಣ್ಣಿನ ಮನೆಯೆಂದರೆ ಅವಮಾನವೆಂದು ಎಣಿಸುವ ನಮ್ಮ ಯೌವನಸ್ಥರು ಇದನ್ನು ಯೋಚಿಸಲಿ. ಸಾಲವಿಲ್ಲದ, ತಂಪಾದ ಮಣ್ಣಿನ ಗೋಡೆಯು ಬಡ್ಡಿಯ ಕಾಂಕ್ರೀಟಿಗಿಂತ ಮಾನಕರವಾದದ್ದು.

2. ಪಕ್ಕದಲ್ಲಿ ವಾಸಿಸುವವರು

ಒಬ್ಬನ ಮನೆಯ ಸೂರಿನ ನೀರು ಇನ್ನೊಬ್ಬನ ಗೋಡೆಯ ಬುಡಕ್ಕೆ ಬೀಳುವದು. ಒಬ್ಬನ ಬಚ್ಚಲು ಇನ್ನೊಬ್ಬನ ಹೊಸ್ತಿಲ ಮುಂದೆ ಹರಿಯುವದು. ಒಬ್ಬನ ಜಗಲಿಯು ಪ್ರತಿ ಸಲದ ದುರಸ್ತಿಯಲ್ಲಿ ಬೀದಿಯೊಳಕ್ಕೆ ಒಂದು ಗೇಣು ಮುಂದೆ ಬರುವದು. ಹಳ್ಳಿಯಲ್ಲಿ ಎಷ್ಟೋ ಜಗಳಗಳು ಇಂಥವುಗಳಿಂದಲೇ ಹುಟ್ಟಿ, ಒಂದೇ ಸಭೆಯ ಎರಡು ಮನೆಗಳವರು ಕರ್ತನ ರಾತ್ರಿಭೋಜನಕ್ಕೆ ಬೇರೆ ಬೇರೆ ಸಾಲಿನಲ್ಲಿ ಮೊಣಕಾಲೂರುವಂತೆ ಮಾಡುತ್ತವೆ. ನಿಂತ ನೀರಿನಲ್ಲಿ ಸೊಳ್ಳೆ ಹುಟ್ಟುವದು. ಆ ಸೊಳ್ಳೆಯು ನೀರು ಯಾರದೆಂದು ಕೇಳಿ ಕಚ್ಚುವದಿಲ್ಲ. ಬಚ್ಚಲಿಗೆ ಒಂದು ಇಂಗುಗುಂಡಿ ತೋಡಿ ಜಲ್ಲಿ ತುಂಬುವದಕ್ಕೆ ಎರಡು ದಿವಸದ ಕೆಲಸ ಸಾಕು. ಜಗಳವನ್ನು ಪಂಚಾಯಿತಿಗೆ ಒಯ್ದರೆ ಎರಡು ವರುಷವೂ ಸಾಲದು. ಪಾಯಿಖಾನೆಯ ಗುಂಡಿಯು ಕುಡಿಯುವ ನೀರಿನ ಬಾವಿಗೆ 50 ಅಡಿಗಿಂತ ಹತ್ತಿರವಿರದಂತೆ ನೋಡಿಕೊಳ್ಳಿರಿ. ಕಟ್ಟಿದ ಪಾಯಿಖಾನೆಯನ್ನು ಸೌದೆಯ ಕೋಣೆಯಾಗಿ ಮಾಡಬೇಡಿರಿ. ಕತ್ತಲಾಗುವ ತನಕ ಕಾದು ಬಯಲಿಗೆ ಹೋಗಬೇಕಾದ ನಿಮ್ಮ ಹೆಣ್ಣುಮಕ್ಕಳ ಭಯವನ್ನು ನೆನಸಿಕೊಳ್ಳಿರಿ.

ಇಲ್ಲಿ ನಾವು ಮರೆಮಾಡದೆ ಹೇಳಬೇಕಾದ ಇನ್ನೊಂದು ವಿಷಯವುಂಟು. ಊರಿನ ಕಟ್ಟೋಣವೇ ಒಂದು ಉಪದೇಶವಾಗಿದೆ; ಅದು ಬಾಯಿಲ್ಲದೆ ದಿನವೂ ಮಾತಾಡುತ್ತದೆ. ನಮ್ಮಲ್ಲಿ ಅನೇಕರ ಹಿರಿಯರ ಮನೆಗಳು ಎಲ್ಲಿದ್ದವು? ಊರ ಹೊರಗೆ, ತಗ್ಗಿನಲ್ಲಿ, ಊರಿನ ಕೊಚ್ಚೆ ಹರಿದುಬರುವ ಕಡೆಯಲ್ಲಿ. ಬಾವಿ ಬೇರೆ, ದಾರಿ ಬೇರೆ. ನೀನು ಹೊರಗಿನವನು ಎಂದು ಪ್ರತಿಯೊಂದು ಕಲ್ಲೂ ಅವರಿಗೆ ಹೇಳುತ್ತಿತ್ತು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೆಯ ವಿಧಿಯು ಅಸ್ಪೃಶ್ಯತೆಯನ್ನು ರದ್ದುಮಾಡಿತು. ಆದರೆ ಬೀದಿಗಳು ಕಾನೂನಿನಷ್ಟು ಬೇಗನೆ ಬದಲಾಗುವದಿಲ್ಲ. ಹೊಸ ನಿವೇಶನಗಳನ್ನು ಹಂಚುವಾಗ ಯಾರಿಗೆ ತಗ್ಗು, ಯಾರಿಗೆ ದಿಣ್ಣೆ, ಕೊಳಾಯಿಯ ಕೊನೆಯು ಯಾರ ಬೀದಿಯಲ್ಲಿ ಎಂಬದನ್ನು ಗ್ರಾಮಸಭೆಯಲ್ಲಿ ಎದ್ದುನಿಂತು ಕೇಳುವದು ನಮ್ಮ ಜನರ ಹಕ್ಕು. ಹಾಗೆ ಕೇಳುವವನು, ತನ್ನ ಸ್ವಂತ ಕೇರಿಯಲ್ಲಿ ತನಗಿಂತ ಬಡವನಾದವನನ್ನು ತಗ್ಗಿಗೆ ನೂಕದಿರಲಿ.

ಎಲ್ಲರೂ ಒಂದಾಗಿ ಮಾಡಿದರೆ ಏನಾಗಬಹುದೆಂಬದಕ್ಕೆ ಕುಣಿಗಲು ತಾಲ್ಲೂಕಿನ ಪುರ ಗ್ರಾಮವು ಸಾಕ್ಷಿ. ಅಸ್ತ್ರದವರು ಅಲ್ಲಿ ಊರಿಗೆಲ್ಲಾ ಸೇರಿ ಒಂದು ಸಗಣಿ ಅನಿಲದ ಸ್ಥಾವರವನ್ನು ಕಟ್ಟಿದರು. ಮೊದಲು ಅಡಿಗೆಗೆ ಅನಿಲ ಕೊಡಬೇಕೆಂದಿದ್ದ ಯೋಚನೆಯು ಊರಿಗೆ ಒಗ್ಗಲಿಲ್ಲ. ಜನರಿಗೆ ಎಲ್ಲಕ್ಕಿಂತ ಮೊದಲು ಬೇಕಾಗಿದ್ದದ್ದು ನೀರು. 1987ರಿಂದ ಆ ಅನಿಲದಿಂದ ಇಂಜಿನನ್ನು ನಡಿಸಿ, ವಿದ್ಯುತ್ತನ್ನು ಹುಟ್ಟಿಸಿ, ಕೊಳವೆಬಾವಿಯ ನೀರನ್ನು ಎತ್ತಿ ಕೊಳಾಯಿಗೆ ಬಿಟ್ಟರು, ಮನೆಗಳಲ್ಲಿ ದೀಪ ಹಚ್ಚಿಸಿದರು. ಮನೆಮನೆಯಿಂದ ಸಗಣಿಯನ್ನು ತಂದುಕೊಟ್ಟವರಿಗೆ ಗೊಬ್ಬರವು ತಿರಿಗಿ ಸಿಕ್ಕಿತು. ಒಬ್ಬೊಬ್ಬನ ಕೊಟ್ಟಿಗೆಯಲ್ಲಿ ಬಿದ್ದಿದ್ದದ್ದು ಒಟ್ಟಿಗೆ ಸೇರಿದಾಗ ಊರಿಗೆ ಬೆಳಕಾಯಿತು. ಅಂಥ ಯಂತ್ರಗಳು ಶಾಶ್ವತವಲ್ಲ. ಆದರೆ ಆ ದಿವಸಗಳಲ್ಲಿ ಕೊಡ ಹೊತ್ತು ನಡೆಯುವ ಶ್ರಮ ಉಳಿದವಳಿಗೆ ಅದು ಎಷ್ಟೆಂದು ಗೊತ್ತು. ನೆಹೆಮೀಯನ 3ನೆಯ ಅಧ್ಯಾಯವನ್ನು ಓದಿರಿ. ಯೆರೂಸಲೇಮಿನ ಗೋಡೆಯನ್ನು ಕಟ್ಟಿದಾಗ ಅನೇಕರು ತಮ್ಮತಮ್ಮ ಮನೆಯ ಎದುರಿನ ಭಾಗವನ್ನೇ ಕಟ್ಟಿದರು. ಆದರೂ ಕಟ್ಟಿದ್ದು ಒಂದೇ ಗೋಡೆ. ನಿಮ್ಮ ಮನೆಯ ಮುಂದಿನ ಹತ್ತು ಮೊಳ ಚರಂಡಿಯನ್ನು ನೀವು ನೋಡಿಕೊಂಡರೆ ಬೀದಿಯ ಚರಂಡಿ ಹರಿಯುವದು.

3. ಬಾಗಿಲಿಗೆ ಬರುವವರು

ಹಳೆಯ ಮನೆಗಳಲ್ಲಿ ದೋಷಗಳಿದ್ದವು. ಆದರೆ ಅವುಗಳಲ್ಲಿ ಜಗಲಿಯೂ ಇತ್ತು. ದಾರಿಗನು ಅಲ್ಲಿ ಕುಳಿತು ನೀರು ಕೇಳುತ್ತಿದ್ದನು. ಮುದುಕರು ಅಲ್ಲಿ ಬೆಳಿಗ್ಗೆಯ ಬಿಸಿಲು ಕಾಯುತ್ತಾ ಬೀದಿಯವರನ್ನೆಲ್ಲಾ ಮಾತಾಡಿಸುತ್ತಿದ್ದರು. ಹುಡುಗರು ಅಲ್ಲಿ ಪಾಠ ಒಪ್ಪಿಸುತ್ತಿದ್ದರು. ಯಾವನಾದರೂ ಎರಡು ದಿವಸ ಜಗಲಿಗೆ ಬಾರದಿದ್ದರೆ, ಏನಾಯಿತೋ ಎಂದು ಕೇಳುವದಕ್ಕೆ ಬೀದಿಯೇ ಬರುತ್ತಿತ್ತು. ಈಗ ಜಗಲಿಯನ್ನು ಒಡೆದು ಕಾಂಪೌಂಡು ಗೋಡೆ ಎಬ್ಬಿಸಿ ಕಬ್ಬಿಣದ ಗೇಟು ಹಾಕಿಸುತ್ತೇವೆ. ಮಕ್ಕಳು ಬೆಂಗಳೂರಿಗೋ ತುಮಕೂರಿಗೋ ಕೆಲಸಕ್ಕೆ ಹೋಗಿರುವರು. ಗೇಟಿನ ಒಳಗೆ ಮುದಿ ತಾಯಿಯೊಬ್ಬಳೇ ಇರುವಳು. ಮನೆ ದೊಡ್ಡದಾಯಿತು, ಅವಳ ಲೋಕ ಚಿಕ್ಕದಾಯಿತು. ಗೋಡೆ ಬೇಡವೆಂದು ನಾವು ಹೇಳುವದಿಲ್ಲ. ಆದರೆ ಗೋಡೆಯ ಹೊರಗಡೆ ಎರಡು ಕಲ್ಲುಚಪ್ಪಡಿಗಳನ್ನು ಆಸನವಾಗಿ ಹಾಕಿಸುವದಕ್ಕೆ ಏನು ಅಡ್ಡಿ? ಬೀದಿಯನ್ನು ಕಾಣುವ ಒಂದು ಕಿಟಕಿಯನ್ನು ಅವಳ ಮಂಚದ ಹತ್ತಿರ ಇಡಿಸಬಾರದೇ?

ಶೂನೇಮಿನ ಕುಲೀನ ಸ್ತ್ರೀಯು ಪ್ರವಾದಿಯಾದ ಎಲೀಷನಿಗಾಗಿ ಮಾಳಿಗೆಯ ಮೇಲೆ ಒಂದು ಚಿಕ್ಕ ಕೋಣೆಯನ್ನು ಕಟ್ಟಿಸಿ, ಅದರಲ್ಲಿ ಮಂಚ, ಮೇಜು, ಕುರ್ಚಿ, ದೀಪಸ್ತಂಭ ಇವುಗಳನ್ನು ಇಡಿಸಿದಳೆಂದು ಎರಡನೆಯ ಅರಸುಗಳ ಪುಸ್ತಕದ 4ನೆಯ ಅಧ್ಯಾಯವು ಹೇಳುತ್ತದೆ. ಬರುವವನಿಗೆ ಏನು ಬೇಕೆಂದು ಯೋಚಿಸಿ ಕಟ್ಟಿದ ಕೋಣೆ ಅದು. ಆಡಂಬರವು ಅದರಲ್ಲಿ ಇರಲಿಲ್ಲ. ಇಂಥ ಯೋಚನೆಯು ನಮ್ಮ ದೇವಾಲಯಗಳಿಗೂ ಬೇಕು. ಮಾರ್ಕನ ಸುವಾರ್ತೆಯ 2ನೆಯ ಅಧ್ಯಾಯದಲ್ಲಿ ನಾಲ್ವರು ಒಬ್ಬ ಪಾರ್ಶ್ವವಾಯು ರೋಗಿಯನ್ನು ಕಪೆರ್ನೌಮಿನಲ್ಲಿ ಯೇಸುಸ್ವಾಮಿಯ ಬಳಿಗೆ ಹೊತ್ತು ತಂದರು. ಬಾಗಿಲಿನಿಂದ ದಾರಿಯಿಲ್ಲದ್ದರಿಂದ ಮನೆಯ ಮೇಲ್ಛಾವಣಿಯನ್ನೇ ಬಿಚ್ಚಿದರು. ನಾವು ಆ ನಾಲ್ವರ ನಂಬಿಕೆಯನ್ನು ಹೊಗಳಿ ಎಷ್ಟೋ ಪ್ರಸಂಗಗಳನ್ನು ಕೇಳಿದ್ದೇವೆ. ಆದರೆ ಇಂದು ನಮ್ಮ ಎಷ್ಟೋ ದೇವಾಲಯಗಳ ಬಾಗಿಲಿಗೆ ಮೂರು ನಾಲ್ಕು ಎತ್ತರವಾದ ಮೆಟ್ಟಲುಗಳಿವೆ. ಕಾಲು ಬಾರದವರೂ, ಮೊಣಕಾಲು ಸವೆದ ಅಜ್ಜಿಯರೂ ಅವುಗಳ ಕೆಳಗೆ ನಿಲ್ಲುವರು, ಅಥವಾ ಬರುವದನ್ನೇ ಬಿಟ್ಟು ಮನೆಯಲ್ಲಿ ಉಳಿಯುವರು. ಸಾರ್ವಜನಿಕ ಕಟ್ಟಡಗಳಿಗೆ ಅಂಗವಿಕಲರು ಬರಲು ದಾರಿಯಿರಬೇಕೆಂದು 2016ರ ಕಾಯಿದೆಯೂ ಹೇಳುತ್ತದೆ. ಮೆಟ್ಟಲಿನ ಪಕ್ಕದಲ್ಲಿ ಇಳಿಜಾರಾದ ಒಂದು ದಾರಿಯನ್ನೂ ಹಿಡಿಯುವದಕ್ಕೆ ಒಂದು ಕೊಳವಿಯನ್ನೂ ಮಾಡಿಸುವದಕ್ಕೆ ಸುಗ್ಗಿಯ ಸ್ತೋತ್ರಕಾಣಿಕೆಯ ಒಂದು ಭಾಗ ಸಾಕು. ಛಾವಣಿ ಬಿಚ್ಚುವ ನಂಬಿಕೆ ಎಲ್ಲರಿಗೂ ಬಾರದು. ದಾರಿ ಮಾಡುವ ಪ್ರೀತಿಯಾದರೂ ಬರಲಿ.

4. ಕಟ್ಟಿದವರೂ ಬಾಡಿಗೆಗೆ ಇರುವವರೂ

ಯೆರೆಮೀಯನ 22ನೆಯ ಅಧ್ಯಾಯದಲ್ಲಿ ಅರಸನಾದ ಯೆಹೋಯಾಕೀಮನ ಮೇಲೆ ಕಠಿಣವಾದ ಮಾತು ಬಂದಿದೆ. ಅವನು ವಿಸ್ತಾರವಾದ ಮನೆಯನ್ನು ಕಟ್ಟಿದನು, ದೊಡ್ಡ ಕಿಟಕಿಗಳನ್ನು ಇಟ್ಟನು, ದೇವದಾರಿನ ಹಲಗೆ ಹೊದಿಸಿದನು, ಕೆಂಪು ಬಣ್ಣ ಬಳಿಸಿದನು. ಆದರೆ ದುಡಿದವರಿಗೆ ಕೂಲಿ ಕೊಡಲಿಲ್ಲ. ಪ್ರವಾದಿಯು ಅವನ ಬಣ್ಣವನ್ನೂ ಕಿಟಕಿಯನ್ನೂ ಮೆಚ್ಚಲಿಲ್ಲ. ನಮ್ಮ ಸಭೆಯವರಲ್ಲಿ ಗಾರೆಯವರೂ, ಕಲ್ಲೊಡೆಯುವವರೂ, ಇಟ್ಟಿಗೆ ಹೊರುವ ಹೆಂಗಸರೂ ಅನೇಕರಿದ್ದಾರೆ. ಶನಿವಾರದ ಬಟವಾಡೆ ಸೋಮವಾರಕ್ಕೆ ಹೋದರೆ ಭಾನುವಾರದ ಒಲೆ ಹೇಗೆ ಉರಿಯುವದೆಂದು ಅವರಿಗೆ ಗೊತ್ತು. ನಾವು ಮನೆ ಕಟ್ಟಿಸುವವರಾದ ದಿವಸ ಅದನ್ನು ಮರೆಯದಿರೋಣ.

ತುಮಕೂರು ನಗರವು ಬೆಳೆಯುತ್ತಿದೆ. 2016ರಲ್ಲಿ ಅದು ಸ್ಮಾರ್ಟ್ ಸಿಟಿ ಯೋಜನೆಗೆ ಆರಿಸಲ್ಪಟ್ಟಿತು. ವಸಂತನರಸಾಪುರದ ಕಾರ್ಖಾನೆಗಳೂ, 2023ರಲ್ಲಿ ಗುಬ್ಬಿ ತಾಲ್ಲೂಕಿನಲ್ಲಿ ಆರಂಭವಾದ ಹೆಲಿಕಾಪ್ಟರ್ ಕಾರ್ಖಾನೆಯೂ ಜನರನ್ನು ಕರೆಯುತ್ತಿವೆ. ಹೀಗೆ ಬಂದವರಿಗೆ ಬಾಡಿಗೆಗೆ ಕೊಡುವದಕ್ಕಾಗಿ ಸಾಲುಮನೆಗಳನ್ನು ಕಟ್ಟುವವರಲ್ಲಿ ನಮ್ಮವರೂ ಇರಬಹುದು. ಒಂದು ಗೋಡೆಗೆ ಇನ್ನೊಂದು ಕೋಣೆಯನ್ನು ಅಂಟಿಸಿ, ಮೇಲೆ ಶೀಟು ಹಾಕಿ, ಹಿಂದೆ ಕಿಟಕಿಯಿಲ್ಲದೆ, ಆರು ಸಂಸಾರಕ್ಕೆ ಒಂದು ಪಾಯಿಖಾನೆ ಇಟ್ಟರೆ ಬಾಡಿಗೆ ಹೆಚ್ಚು ಬರುವದು. ಆದರೆ ರಾತ್ರಿಪಾಳಿಯಿಂದ ಬಂದ ಹುಡುಗನು ಹಗಲು ಆ ಕಾದ ಶೀಟಿನ ಕೆಳಗೆ ಮಲಗಲಾರನು. ನಿದ್ರೆಯಿಲ್ಲದವನು ಯಂತ್ರದ ಮುಂದೆ ನಿಂತಾಗ ಅವನ ಕೈಬೆರಳಿಗೆ ಯಾರು ಹೊಣೆ? ಪ್ರಧಾನಮಂತ್ರಿ ಗ್ರಾಮೀಣ ಆವಾಸ ಯೋಜನೆಯಲ್ಲಿ ಅತಿ ಬಡವನ ಮನೆಯೂ ಅಡಿಗೆಯ ಸ್ಥಳ ಸಹಿತ 25 ಚದರ ಮೀಟರಿಗೆ ಕಡಿಮೆಯಿರಬಾರದೆಂದು 2016ರಲ್ಲಿಯೇ ಗೊತ್ತುಮಾಡಿದರು. ಸರಕಾರವು ಬಡವನಿಗೆ ಕೊಡಬೇಕೆಂದು ಹೇಳುವಷ್ಟು ಗಾಳಿಯನ್ನು ಕ್ರೈಸ್ತನಾದ ಮನೆಯೊಡೆಯನು ತನ್ನ ಬಾಡಿಗೆಯವನಿಗೆ ಕೊಡಬೇಡವೇ? ಶೀಟಿನ ಕೆಳಗೆ ತೆಂಗಿನ ಗರಿಯ ತಟ್ಟಿಯನ್ನು ಕಟ್ಟಿಸುವದು, ಮೇಲೆ ಬಿಳಿ ಸುಣ್ಣ ಬಳಿಸುವದು, ಹಿಂಗೋಡೆಯಲ್ಲಿ ಒಂದು ಜಾಲಂಧ್ರವನ್ನು ತೆಗೆಸುವದು, ಇವೆಲ್ಲಾ ಒಂದು ತಿಂಗಳ ಬಾಡಿಗೆಯೊಳಗೆ ಮುಗಿಯುವ ಕೆಲಸಗಳು.

ಪ್ರಿಯರೇ, ಈ ಪತ್ರಿಕೆಯನ್ನು ಓದಿ ಮಡಿಚಿಟ್ಟ ಮೇಲೆ ಎದ್ದು ನಿಮ್ಮ ಮನೆಯನ್ನು ಒಮ್ಮೆ ಸುತ್ತಿ ನೋಡಿರಿ. ಮೇಲೆ ಮೋಟುಗೋಡೆ ಇದೆಯೋ? ಹೊಗೆಗೆ ದಾರಿ ಇದೆಯೋ? ಬಚ್ಚಲ ನೀರು ಯಾರ ಬಾಗಿಲಿಗೆ ಹೋಗುವದು? ಮುದುಕರು ಬೀದಿಯನ್ನು ಕಾಣುವರೋ? ಕೂಲಿ ಯಾರಿಗಾದರೂ ಬಾಕಿಯಿದೆಯೋ? ಈ ಐದರಲ್ಲಿ ಒಂದನ್ನು ಮಳೆಗಾಲಕ್ಕೆ ಮುಂಚೆ ಸರಿಮಾಡಿರಿ. ಹಣವಿಲ್ಲದವರಿಗೆ ಸಭೆಯವರು ಒಂದು ದಿವಸದ ಆಳುಗೆಲಸವನ್ನು ಕಾಣಿಕೆಯಾಗಿ ಕೊಡಲಿ. ಹೊಲದಲ್ಲಿ ಮುಯ್ಯಿ ಆಳು ಕೊಟ್ಟುಕೊಳ್ಳುವ ನಮಗೆ ಇದು ಹೊಸದಲ್ಲ. ವಿಧವೆಯೊಬ್ಬಳ ತಾರಸಿಗೆ ಹತ್ತು ಜನರು ಸೇರಿ ಎಬ್ಬಿಸಿದ ಗೋಡೆಯು ಊರಿಗೆಲ್ಲಾ ಕಾಣುವ ಪ್ರಸಂಗವಾಗುವದು.

ನಮ್ಮ ಕರ್ತನು ನಜರೇತಿನಲ್ಲಿ ಬಡಗಿಯಾಗಿ ಕೆಲಸ ಮಾಡಿದನು. ತೊಲೆಯ ಭಾರವೂ ಬಾಗಿಲಿನ ಅಳತೆಯೂ ಆತನ ಕೈಗೆ ಗೊತ್ತಿದ್ದವು. ಅನಂತರ ತಲೆಯಿಡುವದಕ್ಕೂ ಸ್ಥಳವಿಲ್ಲದವನಾಗಿ ಊರಿಂದೂರಿಗೆ ನಡೆದನು. ಬಡವರ ಕತ್ತಲೆ ಮನೆಗಳಲ್ಲಿ ಉಂಡನು, ಅವರ ಜ್ವರದ ಹಾಸಿಗೆಗಳ ಬಳಿಯಲ್ಲಿ ನಿಂತನು. ತಂದೆಯ ಮನೆಯಲ್ಲಿ ಎಲ್ಲರಿಗೂ ಸ್ಥಳವನ್ನು ಸಿದ್ಧಮಾಡುವೆನೆಂದು ಹೇಳಿಹೋದ ಆತನು ನಮ್ಮ ಚಿಕ್ಕ ಮನೆಗಳಲ್ಲಿಯೂ ಒಬ್ಬರಿಗೊಬ್ಬರು ಸ್ಥಳ ಮಾಡಿಕೊಡುವ ಮನಸ್ಸನ್ನು ನಮಗೆ ದಯಪಾಲಿಸಲಿ. ನಮ್ಮ ಗೋಡೆಗಳ ದೆಸೆಯಿಂದ ಯಾರ ರಕ್ತವೂ ನಮ್ಮ ಮೇಲೆ ಬಾರದಿರಲಿ. ಆಮೆನ್.